ಬೆಸುಗೆಯಿಲ್ಲದ ದಂಬೆ

ಓಣಿಯಲ್ಲಿ ಅವನನ್ನು ಎಲ್ಲರೂ ಕುಲುಮೆ ಎಂದೇ ಕರೆಯುತ್ತಿದ್ದರು. ತಗಡಿನ ಕೆಲಸ ಮಾಡುವುದರಿಂದ ಆ ಹೆಸರು ಬಂತೆಂದು ಅವನು ನಂಬಿದ್ದ. ಅವನ ಕೋಪದಿಂದ ಬಂತೆಂದು ಓಣಿಗೆ ಗೊತ್ತಿತ್ತು. ಅದನ್ನು ಮುಖಕ್ಕೆ ಹೊಡೆದ ಹಾಗೆ ಹೇಳುವ ಧೈರ್ಯ ಇದ್ದದ್ದು ಅವನ ಅಕ್ಕನಿಗೆ ಒಬ್ಬಳಿಗೇ.

ಅವತ್ತು ಬೆಳಿಗ್ಗೆ ಹನ್ನೊಂದಕ್ಕೆ, ಅಕ್ಕ ಓಣಿಯವರಿಗೆಂದು ನಡೆಸುವ ಹೆರಿಗೆ ಕೋಣೆಯ ತಾರಸಿಯ ಮೇಲೆ ಆರೋಗ್ಯ ಇಲಾಖೆಯ ಸಾಹೇಬ ಮಂಡಿಯೂರಿ ಕುಳಿತಿದ್ದ. ಎದುರಿಗೆ ಐದು ಗಾಜಿನ ಪೆಟ್ಟಿಗೆಗಳು, ಒಂದೊಂದರ ಕೆಳಗೂ ಒಂದೊಂದು ಬಾಟಲಿ. ಸಾಹೇಬ ಜೇಬಿನಿಂದ ನೀರಿನ ಉಪ್ಪು ಅಳೆಯುವ ಪೆನ್ನಿನಂಥ ಮೀಟರು ತೆಗೆದು ಮೊದಲ ಬಾಟಲಿಯಲ್ಲಿ ಅದ್ದಿದ. ಕುಲುಮೆ, ಅಕ್ಕ, ಮಹಡಿಯಲ್ಲಿ ಬಾಡಿಗೆಗಿರುವ ವಿಜ್ಞಾನದ ಟೀಚರು, ಮೂವರೂ ಬಗ್ಗಿ ನೋಡಿದರು.

"ಎಂಟುನೂರ ಎಪ್ಪತ್ತು," ಎಂದ ಸಾಹೇಬ.

ಐನೂರರ ಒಳಗಿದ್ದರೆ ಸಿಹಿನೀರು. ಮೇಲಿದ್ದರೆ ಕೋಣೆಗೆ ಬೀಗ. ಇಲಾಖೆಯ ನೋಟಿಸಿನಲ್ಲಿ ಅಷ್ಟು ಸ್ಪಷ್ಟವಾಗಿ ಬರೆದಿತ್ತು.

"ಇನ್ನೊಂದ್ಸಲ ನೋಡಿ," ಎಂದ ಕುಲುಮೆ.

ಎರಡನೆಯದು ಒಂಬೈನೂರ ಹತ್ತು. ಮೂರನೆಯದೂ ಅಷ್ಟೇ. ಸಾಹೇಬ ಐದನೆಯದನ್ನು ನೋಡಿ ಮೀಟರನ್ನು ಕರವಸ್ತ್ರದಿಂದ ಒರೆಸಿಕೊಂಡ. ಅವನ ಪಕ್ಕದಲ್ಲಿದ್ದ ಚೀಲದಲ್ಲಿ ಅರಗು, ದಾರ, ಬೀಗ ಮೂರೂ ಇದ್ದದ್ದನ್ನು ಕುಲುಮೆ ಆಗಲೇ ನೋಡಿದ್ದ.

ಕೆಳಗಿನ ಹಜಾರದಲ್ಲಿ ಅವನ ಮಗಳು ಕೂತಿದ್ದಳು. ದಿನ ತುಂಬಿ ನಾಲ್ಕು ದಿನ ಕಳೆದಿತ್ತು. ಈ ಕೋಣೆ ಮುಚ್ಚಿದರೆ ಹಿನ್ನೀರು ದಾಟಿ ಆಚೆ ದಡದ ದೊಡ್ಡಾಸ್ಪತ್ರೆಗೆ ಹೋಗಬೇಕು, ಲಾಂಚಿನಲ್ಲಿ ಒಂದೂವರೆ ಗಂಟೆ. ಸೇತುವೆ ಮುರಿದ ಹೊಸದರಲ್ಲಿ, ಅಕ್ಕ ತರಬೇತಿಗೆಂದು ಊರಲ್ಲಿಲ್ಲದ ವಾರ, ದರ್ಜಿಯ ಹೆಂಡತಿ ಅದೇ ಲಾಂಚಿನಲ್ಲಿ, ಡೀಸೆಲ್ ಡ್ರಮ್ಮುಗಳ ನಡುವೆ ಹೆತ್ತಿದ್ದಳು. ಮಗು ದಡ ಕಾಣಲಿಲ್ಲ.

*

ಕುಲುಮೆ ಶಾಲೆಗೆ ಹೋದದ್ದು ನಾಲ್ಕು ವರ್ಷ. ನಾಲ್ಕನೆಯ ವರ್ಷ ಮೇಷ್ಟ್ರು ಬೆತ್ತ ಎತ್ತಿದಾಗ ಬೆತ್ತವನ್ನೇ ಕಿತ್ತುಕೊಂಡು ಎರಡು ತುಂಡು ಮಾಡಿ ಮನೆಗೆ ಬಂದ. ಅಪ್ಪ ಒಂದು ಮಾತೂ ಬೈಯಲಿಲ್ಲ, ಕೈಗೆ ತಗಡು ಕತ್ತರಿ ಕೊಟ್ಟ. ಅಲ್ಲಿಂದ ನಲವತ್ತು ವರ್ಷ ಕೊಡ, ಲಾಳಿಕೆ, ಮೀನಿನ ಪೆಟ್ಟಿಗೆ, ಸೀಮೆಎಣ್ಣೆ ಡಬ್ಬಿ. ಅವನು ಬೆಸೆದ ಕೊಡ ಸೋರಿದ್ದನ್ನು ಕಂಡವರಿಲ್ಲ. ಅಪ್ಪ ಕಲಿಸಿದ್ದು ಒಂದೇ ಪಾಠ: ತಗಡು ಯಾರದ್ದಾದರೂ ಆಗಿರಲಿ, ಬೆಸುಗೆ ನಮ್ಮದು. ಆಮೇಲೆ ಪ್ಲಾಸ್ಟಿಕ್ ಬಂತು. ಕೊಡ ಹೋಯಿತು, ಲಾಳಿಕೆ ಹೋಯಿತು, ಮೀನಿನ ಪೆಟ್ಟಿಗೆಯೂ ಹೋಯಿತು. ಪ್ಲಾಸ್ಟಿಕ್ ಕೊಡ ಹಿಡಿದು ಯಾರಾದರೂ ಅಂಗಡಿ ಮುಂದೆ ಹಾದುಹೋದರೆ ಈಗಲೂ ಅವನು ಮುಖ ತಿರುಗಿಸಿಕೊಳ್ಳುತ್ತಾನೆ.

ಕಡಲ ನೀರು ನೆಲದಡಿಯಿಂದ ಬಾವಿಗಳಿಗೆ ನುಗ್ಗಿದ್ದು ಹತ್ತು ವರ್ಷಗಳಿಂದೀಚೆ. ಟ್ಯಾಂಕರಿನಿಂದ ಹೇಗೋ ನಡೆಯುತ್ತಿತ್ತು. ಮರಳಿನ ಲಾರಿಯೊಂದು ಸೇತುವೆಯ ಬೆನ್ನು ಮುರಿದ ಮೇಲೆ ಅದೂ ನಿಂತಿತು. ಓಣಿಯವರು ಕುಡಿಯಲು ದೋಣಿಯಲ್ಲಿ ಕ್ಯಾನು ತರಿಸಿಕೊಂಡರು. ಹೆರಿಗೆ ಕೋಣೆಗೆ ಅದು ಸಾಲುವುದಿಲ್ಲ. ಕತ್ತರಿ ಕುದಿಸಬೇಕು, ಬಟ್ಟೆ ಒಗೆಯಬೇಕು, ಬಾಣಂತಿಗೆ ಕುಡಿಸಬೇಕು, ಕೂಸನ್ನು ಮೀಯಿಸಬೇಕು. ಅಕ್ಕನ ಉಕ್ಕಿನ ಕತ್ತರಿಗಳಿಗೆ ಒಂದೇ ತಿಂಗಳಲ್ಲಿ ತುಕ್ಕು ಹಿಡಿಯಿತು. ಆಗ ಬಂದದ್ದು ನೋಟಿಸು, ಮೂರು ತಿಂಗಳ ಗಡುವು.

"ಬಿಸಿಲಿಗೆ ಉಪ್ಪುನೀರು ಆವಿ ಆಗುತ್ತೆ, ಉಪ್ಪು ಹಿಂದೆ ಉಳಿಯುತ್ತೆ. ಗಾಜಿನ ಕೆಳಗೆ ಆ ಆವೀನ ಹಿಡಿದರೆ ಸಿಹಿನೀರು," ಎಂದು ಟೀಚರು ಕಾಗದದ ಮೇಲೆ ಗೀಚಿ ತೋರಿಸಿದ್ದಳು.

ಕುಲುಮೆ ಮೊದಲು ಕಪ್ಪು ಬಳಿದ ತಟ್ಟೆಯಲ್ಲಿ ನೀರು ನಿಲ್ಲಿಸಿ ಮೇಲೆ ಗಾಜು ಮುಚ್ಚಿದ. ದಿನಕ್ಕೆ ಎರಡು ಲೋಟ ಬಂತು. ಹತ್ತೇ ದಿನದಲ್ಲಿ ತಟ್ಟೆಯ ತುಂಬ ಉಪ್ಪು ಹೆಪ್ಪುಗಟ್ಟಿ ಅದೂ ನಿಂತಿತು. ತಟ್ಟೆಯನ್ನು ಎತ್ತಿ ಗೋಡೆಗೆ ಬಡಿದ. ಬಡಿದವನು ಹಾಗೇ ಕಾಲೆಳೆದುಕೊಂಡು ಹಿನ್ನೀರಿನ ದಂಡೆಗೆ ಹೋಗಿ ಕೂತ. ಅಲ್ಲಿ ಕೆಸರಿನಿಂದ ಬೇರುಗಳನ್ನು ಮೇಲೆತ್ತಿಕೊಂಡು ಕಾಂಡ್ಲಾ ಗಿಡಗಳು ನಿಂತಿದ್ದವು. ಹುಟ್ಟಿದಾಗಿನಿಂದ ನೋಡಿದ್ದ. ಅವತ್ತು ಮಾತ್ರ ಅವನಿಗೆ ಸಿಟ್ಟು ಬಂತು. ನಾನು ಇಷ್ಟು ಒದ್ದಾಡುತ್ತಿದ್ದೇನೆ, ಇದು ಉಪ್ಪುನೀರು ಕುಡಿದುಕೊಂಡು ಹಸಿರಾಗಿ ನಿಂತಿದೆಯಲ್ಲ! ಒಂದು ಎಲೆ ಕಿತ್ತು ನಾಲಗೆಗೆ ತಾಗಿಸಿದ. ಮೇಲೆಲ್ಲ ಉಪ್ಪು. ಗಿಡ ನೀರನ್ನು ಒಳಗಿಟ್ಟುಕೊಂಡು ಉಪ್ಪನ್ನು ಹೊರಗೆ ತಳ್ಳಿತ್ತು, ಗಾಳಿ ಬಂದರೆ ಉದುರುವ ಹಾಗೆ.

ಆ ಎಲೆಯಿಂದ ಹುಟ್ಟಿದ್ದು ಈ ಐದು ಪೆಟ್ಟಿಗೆಗಳು. ನೀರಿನ ತಟ್ಟೆ ಕೆಳಗೆ. ಅದರಲ್ಲಿ ಬೇರುಗಳಂತೆ ಇಳಿಬಿಟ್ಟ ಹತ್ತಿಯ ಬತ್ತಿಗಳು. ಮೇಲೆ ಎಲೆಯಂತೆ ಹರಡಿದ ಕಪ್ಪು ಬಟ್ಟೆ. ಬತ್ತಿ ನೀರನ್ನು ಬಟ್ಟೆಯ ನಡುವಿಗೆ ಏರಿಸುತ್ತದೆ, ಅದು ಅಂಚಿಗೆ ಹರಿಯುವಷ್ಟರಲ್ಲಿ ಬಿಸಿಲಿಗೆ ಆವಿಯಾಗುತ್ತದೆ. ಉಪ್ಪು ಅಂಚಿನಲ್ಲಷ್ಟೇ ಕಟ್ಟುತ್ತದೆ, ಸಂಜೆ ಬ್ರಷ್ಷಿನಿಂದ ಉಜ್ಜಿದರೆ ಉದುರುತ್ತದೆ. ಮೇಲಿನ ಓರೆ ಗಾಜಿಗೆ ಅಂಟಿದ ಹನಿಗಳು ಜಾರಿ, ಗಾಜಿನ ಕೆಳತುದಿಯಲ್ಲಿ ನೀರು ಹರಿಯಲೆಂದು ಇಟ್ಟ ತೆರೆದ ಕೊಳವೆಗೆ, ಉದ್ದನೆಯ ದಂಬೆಗೆ ಇಳಿದು, ಬಾಟಲಿಗೆ ಹೋಗುತ್ತವೆ. ದಂಬೆಗೆಂದು ಟೀಚರು ಪ್ಲಾಸ್ಟಿಕ್ ಪೈಪನ್ನು ಉದ್ದಕ್ಕೆ ಸೀಳಿ ಕೂರಿಸಿದ್ದಳು. ಒಂದು ಪೆಟ್ಟಿಗೆಗೆ ದಿನಕ್ಕೆ ನಾಲ್ಕು ಲೀಟರು. ಶಾಲೆಯ ಮೀಟರು ನಲವತ್ತೆರಡು ತೋರಿಸಿತ್ತು. ಅಕ್ಕ ಹಾಗೆ ಬಂದ ನೀರನ್ನು ಎರಡು ಸ್ಟೀಲ್ ಕ್ಯಾನು ತುಂಬಿಸಿಟ್ಟುಕೊಂಡಿದ್ದಳು.

ಎಲ್ಲ ಸರಿಯಾಗಿತ್ತು. ನಿನ್ನೆ ಮಧ್ಯಾಹ್ನದವರೆಗೆ.

*

"ಬಟ್ಟೆ! ಬಟ್ಟೆ ಕೈಕೊಟ್ಟಿದೆ!" ಕುಲುಮೆ ಈಗ ಟೀಚರ ಕಡೆ ತಿರುಗಿದ್ದ. "ನಾನು ಆವತ್ತೇ ಹೇಳಿದ್ನಲ್ಲಾ, ಈ ಬಟ್ಟೆ ತೆಳು, ಉಪ್ಪು ಅಂಚು ದಾಟಿ ಬರುತ್ತೆ ಅಂತ! ಕೇಳಿದ್ರಾ? ಪುಸ್ತಕ ಓದಿದೋರು ನೀವು, ನಮ್ಮಂಥೋರ ಮಾತು ಎಲ್ಲಿ ಕೇಳ್ತೀರಾ!"

"ಮೇಸ್ತ್ರಿ, ಬಟ್ಟೆ ತಂದೋರು ನೀವು," ಎಂದಳು ಟೀಚರು. ದನಿ ಮೆಲ್ಲಗಿತ್ತು, ಕಿವಿ ಕೆಂಪಾಗಿತ್ತು.

"ತರಿಸಿದ್ದು ಯಾರು?"

"ಲೋ ತಮ್ಮ," ಎಂದಳು ಅಕ್ಕ, "ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ. ಬಾಯಿ ಮುಚ್ಚು. ಅಂಚು ನೋಡು ಮೊದಲು."

ಅಂಚು ನೋಡಿದರು. ಐದೂ ಬಟ್ಟೆಗಳ ಅಂಚಿನಲ್ಲಿ ಉಪ್ಪು ಬಿಳಿ ಗೆರೆ ಎಳೆದ ಹಾಗೆ ಕೂತಿತ್ತು. ಒಂದು ಹರಳೂ ದಾಟಿರಲಿಲ್ಲ.

"ಹಾಗಾದ್ರೆ ಇದು ಎಲ್ಲಿಂದ ಬಂತು?" ಎಂದ ಸಾಹೇಬ. ಅವನದು ಕೆಟ್ಟ ಮುಖವೇನಲ್ಲ, ದಣಿದ ಮುಖ. "ನೋಡಿ, ನನಗೂ ಬೀಗ ಹಾಕೋ ಆಸೆ ಇಲ್ಲ. ಆದ್ರೆ ನಾನು ಬರೆಯೋದು ಇವತ್ತು ಬಂದ ನೀರಿನ ಲೆಕ್ಕ. ನನ್ನ ಲಾಂಚು ಮೂರಕ್ಕೆ. ಹುಡುಗಿಗೆ ದಿನ ತುಂಬಿದೆ ಅಂದ್ರಿ. ಬೇಕಾದ್ರೆ ನನ್ನ ಜೊತೇಲೇ ಕರ್ಕೊಂಡು ಹೋಗಿ ಆಸ್ಪತ್ರೆಗೆ ಸೇರಿಸ್ತೀನಿ."

ಲಾಂಚು ಎಂಬ ಮಾತು ಕಿವಿಗೆ ಬಿದ್ದದ್ದೇ ಕುಲುಮೆ ಬಾಟಲಿ ಎತ್ತಿಕೊಂಡ. ಎಸೆಯುತ್ತಾನೆಂದು ಟೀಚರು ಹಿಂದೆ ಸರಿದಳು. ಎಸೆಯಲಿಲ್ಲ. ಒಂದು ಗುಟುಕು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ.

ಉಪ್ಪು ಹೌದು, ಕಡಲ ಉಪ್ಪಲ್ಲ. ನಾಲಗೆಯ ತುದಿಯನ್ನು ಚುರುಕ್ ಎನಿಸಿ ಆಮೇಲೆ ತಣ್ಣಗೆ ಮಾಡುವ ಖಾರದ ಉಪ್ಪು. ಈ ರುಚಿ ಅವನಿಗೆ ಎಂಟನೆಯ ವಯಸ್ಸಿನಿಂದ ಗೊತ್ತು. ಅಂಗಡಿಯಲ್ಲಿ ಕೆಲಸದ ನಡುವೆ ಬೆರಳು ಬಾಯಿಗಿಟ್ಟರೆ ಸಿಗುತ್ತಿದ್ದ ರುಚಿ. ನವಸಾಗರ. ಬೆಸುಗೆ ಹಿಡಿಯಲೆಂದು ತಗಡಿನ ಮೇಲೆ ಉಜ್ಜುವ ಬಿಳಿ ಹರಳು.

ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ನಿನ್ನೆ ಮಧ್ಯಾಹ್ನ ಟೀಚರು ಶಾಲೆಗೆ ಹೋಗಿದ್ದಾಗ ಅವನು ತಾರಸಿಗೆ ಬಂದಿದ್ದ. ನಾಳೆ ಸಾಹೇಬರು ಬರುತ್ತಾರೆ, ನನ್ನ ಕೈಕೆಲಸದಲ್ಲಿ ಪ್ಲಾಸ್ಟಿಕ್ ಪೈಪು ಕಾಣುವುದೇ? ಐದೂ ಪೈಪು ಕಿತ್ತು, ಮತ್ತೆ ಯಾರೂ ಕೂರಿಸದಿರಲಿ ಎಂದು ಕಾಲಿನಿಂದ ತುಳಿದು ಪುಡಿ ಮಾಡಿದ್ದ. ಆ ಜಾಗದಲ್ಲಿ ಹೊಳೆಯುವ ತಗಡಿನ ದಂಬೆ, ಮೂಲೆಗೆ ಒಳಗೂ ಹೊರಗೂ ಎರಡೆರಡು ಕೈ ಬೆಸುಗೆ. ನಲವತ್ತು ವರ್ಷದಲ್ಲಿ ಅಷ್ಟು ಚೆಂದದ ಬೆಸುಗೆ ಹಾಕಿರಲಿಲ್ಲ. ನವಸಾಗರವನ್ನೂ ಧಾರಾಳವಾಗಿಯೇ ಉಜ್ಜಿದ್ದ.

"ಬಟ್ಟೆ ಅಲ್ಲ," ಎಂದ. ಬಾಟಲಿಯನ್ನು ಕೆಳಗಿಟ್ಟ. "ದಂಬೆ. ನನ್ನ ದಂಬೆ."

ಟೀಚರು ಅಕ್ಕನ ಕ್ಯಾನಿನಿಂದ ಹಳೆಯ ನೀರು ತಂದಳು. ಸಾಹೇಬನ ಮೀಟರಿನಿಂದಲೇ, ಅವನ ಕಣ್ಣೆದುರಿಗೇ ಅಳೆದಳು: ನಲವತ್ತೆರಡು. ಅದೇ ನೀರನ್ನು ತಗಡಿನ ದಂಬೆಯಲ್ಲಿ ಹರಿಸಿ ಲೋಟದಲ್ಲಿ ಹಿಡಿದು ಅಳೆದಳು: ಆರುನೂರ ಮೂವತ್ತು.

"ಪೆಟ್ಟಿಗೆ ಸರಿಯಾಗೇ ಇದೆ," ಎಂದ ಸಾಹೇಬ, ಮೊದಲ ಸಲ ಹುಬ್ಬು ಸಡಿಲಿಸಿ. "ತೊಳೀರಿ ಹಾಗಾದ್ರೆ. ಹನ್ನೆರಡೂ ಮುಕ್ಕಾಲಿನವರೆಗೆ ಕಾಯ್ತೀನಿ."

ತೊಳೆದರು. ಮೂರು ಸಲ ತಿಕ್ಕಿ ತೊಳೆದು ಬಿಸಿಲಿಗೆ ಬಿಟ್ಟರು. ಅಷ್ಟರಲ್ಲಿ ಮೆಟ್ಟಿಲ ಕೆಳಗಿನಿಂದ ಮಗಳ ದನಿ ಬಂತು.

"ಅತ್ತೇ... ಸ್ವಲ್ಪ ಬಾ."

ಅಕ್ಕ ಇಳಿದು ಹೋಗಿ ಐದು ನಿಮಿಷಕ್ಕೆ ಮೇಲೆ ಬಂದಳು. ತಮ್ಮನ ಕಿವಿಯ ಹತ್ತಿರ ಬಗ್ಗಿ, "ಶುರುವಾಗಿದೆ. ಕಾಲು ಗಂಟೆಗೊಂದು ಬರ್ತಾ ಇದೆ. ಲಾಂಚು ಗೀಂಚು ಅನ್ನೋ ಮಾತೇ ಬೇಡ ಇನ್ನು," ಎಂದಳು.

ಹನ್ನೆರಡೂ ಮುಕ್ಕಾಲಿಗೆ ಸಾಹೇಬ ಮತ್ತೆ ಅದ್ದಿದ. ನೂರ ಇಪ್ಪತ್ತು. ನೂರ ಮೂವತ್ತೈದು. ನೂರ ಹತ್ತು. ಐದೂ ಪಾಸು.

"ಆಯ್ತು ಬಿಡಿ," ಎಂದು ಸಾಹೇಬ ಫೈಲು ಬಿಚ್ಚಿ ಪೆನ್ನಿನ ಮುಚ್ಚಳ ತೆಗೆದ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಟೀಚರು ನೀರಿನ ಟ್ಯಾಂಕಿಗೆ ಒರಗಿ ಕುಳಿತೇಬಿಟ್ಟಳು.

ಕುಲುಮೆ ಮಾತ್ರ ದಂಬೆಯನ್ನೇ ನೋಡುತ್ತ ನಿಂತಿದ್ದ.

ಬೆಸುಗೆಯ ಕಡ್ಡಿಯಲ್ಲಿ ಅರ್ಧ ತವರ, ಅರ್ಧ ಸೀಸ. ಮೀಟರಿಗೆ ಉಪ್ಪು ಕಾಣುತ್ತದೆ, ಅಷ್ಟು ಚೂರು ಸೀಸ ಕಾಣುವುದಿಲ್ಲ. ಆ ತಾರಸಿಯ ಮೇಲೆ ಅದು ಈಗ ನೆನಪಾದದ್ದು ಅವನೊಬ್ಬನಿಗೆ. ಅಪ್ಪನ ಕೊನೆಯ ವರ್ಷ ಅವನ ಕಣ್ಣಮುಂದೆ ಬಂತು. ಒಸಡಿನ ಮೇಲೆ ನೀಲಿ ಗೆರೆ. ಮಣಿಕಟ್ಟು ಬಾಡಿದ ದಂಟಿನ ಹಾಗೆ ಜೋತುಬಿದ್ದಿತ್ತು, ಬೆಸುಗೆಯ ಕಬ್ಬಿಣ ಇರಲಿ, ಲೋಟ ಎತ್ತಲೂ ಆಗುತ್ತಿರಲಿಲ್ಲ. "ಸೀಸ ಮೈಗೆ ಸೇರಿದೆ. ಮಕ್ಕಳನ್ನ ಇದರ ಹತ್ತಿರ ಬಿಡಬೇಡಿ," ಎಂದಿದ್ದರು ದೊಡ್ಡಾಸ್ಪತ್ರೆಯ ಡಾಕ್ಟರು. ಆ ದಿನದಿಂದ ಅವನು ಕೈ ತೊಳೆಯದೆ ಮಗಳನ್ನು ಎತ್ತಿಕೊಂಡವನಲ್ಲ.

ಈಗ ಹೇಳಿದರೆ ಪೆನ್ನು ಮುಚ್ಚುತ್ತದೆ. ಸುಮ್ಮನಿದ್ದು, ಸಾಹೇಬ ಹೋದ ಮೇಲೆ ನಾಳೆ ಬದಲಾಯಿಸಿದರೆ? ಯಾರಿಗೆ ತಿಳಿಯುತ್ತದೆ? ಕೆಳಗಿನಿಂದ ಮಗಳು ನರಳುವುದು ಕೇಳಿಸಿತು. ಸಾಹೇಬ ಅಕ್ಕನಿಗೆ ಓದಿ ಹೇಳುತ್ತಿದ್ದ: "ಐದೂ ಪೆಟ್ಟಿಗೆಗಳ ನೀರು ಬಾಣಂತಿ ಮತ್ತು ಕೂಸಿನ ಉಪಯೋಗಕ್ಕೆ ಯೋಗ್ಯ ಎಂದು..."

"ಸಾಹೇಬ್ರೇ, ತಡೀರಿ," ಎಂದ ಕುಲುಮೆ. "ಯೋಗ್ಯ ಅಂತ ಬರೀಬೇಡಿ."

"ಏನೋ ಇದು?" ಎಂದಳು ಅಕ್ಕ.

"ಬೆಸುಗೇಲಿ ಸೀಸ ಇದೆ ಅಕ್ಕಾ. ಅಪ್ಪನ್ನ ತಿಂದ ಸೀಸ. ತೊಳೆದ್ರೆ ಹೋಗೋದಲ್ಲ ಅದು. ನಾಳೆ ಕೂಸಿನ ಬಾಯಿಗೆ ಅದೇ ನೀರು."

ಸಾಹೇಬ ಬರೆದ ಸಾಲಿನ ಮೇಲೆ ಗೀಟು ಎಳೆದು ಪೆನ್ನಿಗೆ ಮುಚ್ಚಳ ಹಾಕಿದ. "ಈ ಮಾತು ನನ್ನ ಕಿವಿಗೆ ಬಿದ್ದ ಮೇಲೆ ನಾನು ಸಹಿ ಹಾಕೋ ಹಾಗಿಲ್ಲ," ಎಂದ.

"ಹಾಕ್ಬೇಡಿ. ಎರಡೂವರೆಗೆ ಹಾಕಿ." ಕುಲುಮೆ ಆಗಲೇ ಮೆಟ್ಟಿಲ ಅರ್ಧದಲ್ಲಿದ್ದ.

*

ಅಂಗಡಿಯ ಮೂಲೆಯಲ್ಲಿ ಒಂದು ಸ್ಟೀಲ್ ಹಾಳೆ ಬಿದ್ದಿತ್ತು. ತನ್ನ ಬೆಸುಗೆ ಅದಕ್ಕೆ ಹಿಡಿಯುವುದಿಲ್ಲವೆಂದು ಅವನು ಅದನ್ನು ಮುಟ್ಟುತ್ತಲೇ ಇರಲಿಲ್ಲ. ಮೈಲಿಗೆಯ ಲೋಹ ಎಂದು ಬೈಯುತ್ತಿದ್ದ. ಅದನ್ನೇ ಹೆಗಲಿಗೇರಿಸಿಕೊಂಡು ತಾರಸಿಗೆ ತಂದ. ಉದ್ದಕ್ಕೆ ಮಡಿಚುವುದು ಕಷ್ಟವಲ್ಲ. ಕಷ್ಟ ಇರುವುದು ತುದಿಯ ಮೂಲೆಯಲ್ಲಿ. ಕತ್ತರಿಸಿದರೆ ಸೀಳು, ಸೀಳಿದ್ದಕ್ಕೆ ಬೆಸುಗೆ ಬೇಕು. ಬೆಸುಗೆ ಇಲ್ಲದೆ ಮೂಲೆ ಮುಚ್ಚುವುದು ಅವನ ನಲವತ್ತು ವರ್ಷದ ಕೈಗೆ ಬಾರದ ವಿದ್ಯೆ.

ಕಟ್ಟೆಯ ಮೇಲೆ ಟೀಚರು ಬಾಟಲಿಯಲ್ಲಿಟ್ಟಿದ್ದ ಕಾಂಡ್ಲಾ ಕೊಂಬೆ ಇತ್ತು. ಕುಲುಮೆ ಅದನ್ನು ದುರುಗುಟ್ಟಿ ನೋಡಿ, "ಇದರಲ್ಲಿ ಎಲ್ಲಾದ್ರೂ ಜೋಡಣೆ ಇದೆಯಾ ನೋಡಿ. ಬೇರಿಂದ ತುದಿವರೆಗೆ ನೀರು ಹೋಗುತ್ತೆ, ಒಂದು ಹೊಲಿಗೆ ಇಲ್ಲ," ಎಂದ.

ಟೀಚರು ಪುಸ್ತಕದ ಹಾಳೆಯೊಂದನ್ನು ಹರಿದಳು. "ದಾರೀಲಿ ಬಾಯಾರಿದಾಗ ಎಲೆ ಮಡಿಚಿ ನೀರು ಕುಡಿಯಲ್ವಾ? ಕತ್ತರಿಸಲ್ಲ. ಮೂಲೆನ ಒಳಗೆ ಮಡಿಚಿ, ಉಳಿದ ತುದೀನ ಕಿವಿ ಥರ ಹಿಂದಕ್ಕೆ ತಿರುಗಿಸ್ತೀವಿ. ಹೀಗೆ."

"ಅದು ಎಲೆ. ಇದು ಸ್ಟೀಲು. ಮಾತು ಕೇಳಲ್ಲ."

"ನಿಮ್ಮ ಜಾತಿಯದೇ ಹಾಗಾದ್ರೆ," ಎಂದಳು.

ಬೇರೆ ದಿನವಾಗಿದ್ದರೆ ಕೊಡತಿ ಹಾರುತ್ತಿತ್ತು. ಅವನು ಕಾಗದವನ್ನು ಕಿತ್ತುಕೊಂಡು ಬಿಚ್ಚಿ ಮಡಿಚಿ, ಮತ್ತೆ ಬಿಚ್ಚಿ ಮಡಿಚಿ ನೋಡಿದ. ಆಮೇಲೆ ಹಾಳೆಯಿಂದ ಒಂದು ತುಂಡು ಕತ್ತರಿಸಿ ಕಬ್ಬಿಣದ ಪಟ್ಟಿಯ ಮೇಲಿಟ್ಟು ಮರದ ಕೊಡತಿಯಿಂದ ಬಡಿಯತೊಡಗಿದ. ಮೊದಲ ಮೂಲೆ ಸಿಡಿದು ಹಿಂದಕ್ಕೆ ಚಿಮ್ಮಿತು, ಹೆಬ್ಬೆರಳು ಸೀಳಿತು. ಎರಡನೆಯದು ಮಡಿಕೆಯಲ್ಲಿ ಬಿರಿಯಿತು. ಬೈಗುಳಗಳು ಓಣಿಯ ಕೊನೆಯವರೆಗೂ ಕೇಳಿಸಿದವು. ಎದುರುಮನೆಯ ಅಜ್ಜಿ ಕಿಟಕಿಯಿಂದಲೇ, "ಹೆರ್ತಾ ಇರೋದು ಅವನ ಮಗಳೋ ಅವನೋ?" ಎಂದಳು. ಸಾಹೇಬ ಬಾಯಿಗೆ ಕರವಸ್ತ್ರ ಹಿಡಿದ.

ಮೂರನೆಯ ತುಂಡಿಗೆ ಅವನು ಬಡಿಯುವುದನ್ನು ಬಿಟ್ಟ. ಅಂಚನ್ನು ಬೆರಳಿನಿಂದ ಒತ್ತಿ ಒತ್ತಿ, ಗಟ್ಟಿ ಮಡಿಕೆ ಮಾಡದೆ ದುಂಡಗೆ ತಿರುಗಿಸಿ, ಕಿವಿಯನ್ನು ಹಿಂಬದಿಗೆ ಎಳೆದು, ಕೊನೆಗೆ ಒಂದೇ ಒಂದು ಪೆಟ್ಟು ಕೊಟ್ಟ. ಮೂಲೆ ಕೂತಿತು. ನೀರು ಹಾಕಿದ. ಸೋರಲಿಲ್ಲ. ಸೋಪು ಹಾಕಿ ತೊಳೆದು ಮೊದಲ ಪೆಟ್ಟಿಗೆಗೆ ಕೂರಿಸಿ, ಬಾಟಲಿ ಇಟ್ಟಾಗ ಗಂಟೆ ಒಂದೂ ಮುಕ್ಕಾಲು.

ಆಗ ಮೋಡ ಬಂತು. ಸೆರಗಿನಷ್ಟು ಮೋಡ. ಆದರೆ ಸರಿಯಾಗಿ ಸೂರ್ಯನ ಮುಖಕ್ಕೇ.

ಗಾಜಿನ ಮೇಲೆ ಹನಿಗಳು ನಿಂತವು. ಕೆಳಗೆ ಮಗಳ ಕೂಗು ಈಗ ಐದು ನಿಮಿಷಕ್ಕೊಂದು. ಸಾಹೇಬ ಗಡಿಯಾರ ನೋಡಿಕೊಂಡ. ಕುಲುಮೆ ಆಕಾಶಕ್ಕೆ ಮುಖವೆತ್ತಿ ಏನೋ ಹೇಳಲು ಬಾಯಿ ತೆರೆದ. ಟೀಚರು, "ಮೇಸ್ತ್ರಿ, ಅದಕ್ಕಾದ್ರೂ ಬೈಬೇಡಿ, ಹೋಗೋದು ಇನ್ನೂ ತಡ ಆಗುತ್ತೆ," ಎಂದಳು. ಅವನು ಬಾಯಿ ಮುಚ್ಚಿದ. ಹದಿನೈದು ನಿಮಿಷ ಹಾಗೇ ಹೋಯಿತು. ಮೋಡ ಸರಿದಾಗ ಒಂದು ಹನಿ ಇನ್ನೊಂದನ್ನು ಕೂಡಿಕೊಂಡು ಗಾಜಿನ ಮೇಲೆ ಗೆರೆ ಎಳೆಯಿತು. ದಂಬೆಗೆ ಬಿತ್ತು. ಟಣ್.

ಎರಡೂವರೆಗೆ ಬಾಟಲಿಯಲ್ಲಿ ಮೂರು ಬೆರಳು ನೀರಿತ್ತು. ಸಾಹೇಬ ಅದ್ದಿದ.

"ಮೂವತ್ತೊಂಬತ್ತು."

ಸಾಹೇಬ ಇನ್ನೂ ಪೆನ್ನು ತೆಗೆಯಲಿಲ್ಲ. "ಇದೊಂದು ಸರಿ. ಆ ನಾಲ್ಕು?"

"ಒಂದಕ್ಕೆ ಮುಕ್ಕಾಲು ಗಂಟೆ. ಕತ್ತಲಾಗೋದ್ರೊಳಗೆ ನಾಲ್ಕೂ ಆಗುತ್ತೆ."

"ಆಗ ನಾನಿರಲ್ಲ." ಸಾಹೇಬ ಅಕ್ಕನ ಕಡೆ ತಿರುಗಿದ. "ಒಂದು ಹೆರಿಗೆಗೆ ಎಷ್ಟು ನೀರು ಬೇಕು?"

"ಕಡಿಮೆ ಅಂದ್ರೂ ಹದಿನೈದು ಲೀಟರು. ಕ್ಯಾನಲ್ಲಿ ಹತ್ತೊಂಬತ್ತು ಇದೆ, ನಿಮ್ಮ ಕಣ್ಣೆದುರಿಗೇ ಅಳೆದ ನೀರು," ಎಂದಳು ಅಕ್ಕ. "ಸಾರ್, ನಾನು ಕೆಳಗೆ ಹೋಗ್ಬೇಕು. ಬೀಗ ಹಾಕೋದಾದ್ರೆ ನನ್ನನ್ನೂ ಒಳಗಿಟ್ಟು ಹಾಕಿ."

ಹೇಳಿದವಳೇ ಉತ್ತರಕ್ಕೆ ಕಾಯದೆ ಇಳಿದುಹೋದಳು.

ಸಾಹೇಬ ಚೀಲದಿಂದ ದಾರ ತೆಗೆದು, ತಗಡಿನ ದಂಬೆಯ ನಾಲ್ಕೂ ಪೆಟ್ಟಿಗೆಗಳ ಬಾಯಿ ಕಟ್ಟಿ ಅರಗು ಹಚ್ಚಿದ. ಫೈಲಿನಲ್ಲಿ ನಿಧಾನವಾಗಿ ಬರೆದ: ಕೋಣೆ ನಡೆಯಲಿ, ಒಂದನೆಯ ಪೆಟ್ಟಿಗೆ ಮತ್ತು ಕ್ಯಾನಿನ ನೀರು ಮಾತ್ರ, ಹೊಸ ದಂಬೆ ಕೂರಿಸುವಾಗ ಟೀಚರ ಎದುರಿಗೆ ಅರಗು ಒಡೆಯಬೇಕು, ಎಂಟು ದಿನಕ್ಕೆ ಮರುಪರೀಕ್ಷೆ. ಸಹಿ ಮಾಡಿ ಕಾಗದವನ್ನು ಕುಲುಮೆಯ ಕಡೆ ಚಾಚಿದ.

"ಬೆಳಿಗ್ಗೆ ಎಂಟುನೂರ ಎಪ್ಪತ್ತು ಬಂದದ್ದು ಯಾಕೆ ಅಂತ ಕೆಳಗೆ ನೀವೇ ಬರೀರಿ. ಕಾರಣ ಇಲ್ಲದೆ ಹೋದ್ರೆ ಮೇಲಿನೋರು ಇದನ್ನ ಒಪ್ಪಲ್ಲ."

ಕುಲುಮೆ ಪೆನ್ನನ್ನು ಕತ್ತರಿಯ ಹಾಗೆ ಹಿಡಿದ. ಬಹಳ ಹೊತ್ತು ತೆಗೆದುಕೊಂಡು, ಒಂದೊಂದೇ ಅಕ್ಷರ ಕೆತ್ತಿದ: 'ತಪ್ಪು ಬಟ್ಟೆಯದಲ್ಲ. ಪೈಪು ತೆಗೆದು ಬೆಸುಗೆ ಹಾಕಿದ್ದು ನಾನು.' ಸೀಳಿದ ಹೆಬ್ಬೆರಳಿನ ರಕ್ತ ಕಾಗದದ ಮೂಲೆಗೆ ಹತ್ತಿತು. ಸಾಹೇಬ ಅದನ್ನು ಒರೆಸದೆ ಹಾಗೇ ಮಡಿಚಿಟ್ಟುಕೊಂಡು, ಲಾಂಚಿಗೆ ಹೊತ್ತಾಯಿತೆಂದು ಎರಡೆರಡು ಮೆಟ್ಟಿಲು ಇಳಿದುಹೋದ.

ಕುಲುಮೆ ಎರಡನೆಯ ದಂಬೆಗೆ ಹಾಳೆ ಕತ್ತರಿಸಿದ. ಕೆಳಗೆ ಹೋಗಬೇಕೆನಿಸಿತು. ಹೋದರೆ ಅಕ್ಕ ಅಟ್ಟುತ್ತಾಳೆಂದು ಗೊತ್ತಿತ್ತು.

"ಟೀಚರಮ್ಮ," ಎಂದ, ತಲೆಯೆತ್ತದೆ. "ಆ ತುದಿ ಸ್ವಲ್ಪ ಹಿಡ್ಕೊಳ್ತೀರಾ?"

"ಬೈಯೋದಿಲ್ಲ ಅಂದ್ರೆ ಹಿಡ್ಕೊಳ್ತೀನಿ."

"ಅದೊಂದನ್ನ ಕೇಳ್ಬೇಡಿ. ಬೇರೆ ಏನಾದ್ರೂ ಕೇಳಿ."

ಅವಳು ಬಂದು ಎದುರಿಗೆ ಕೂತು ಹಾಳೆಯ ತುದಿ ಹಿಡಿದಳು. ಕೆಳಗೆ ಅಕ್ಕ ಯಾರಿಗೋ ನೀರು ಕಾಯಿಸಲು ಹೇಳಿದಳು. ಆಮೇಲೆ ಹೆರಿಗೆ ಕೋಣೆಯ ಅಗುಳಿಯನ್ನು ಒಳಗಿನಿಂದ ಹಾಕಿಕೊಂಡ ಸದ್ದು ಬಂತು. ಕುಲುಮೆಯ ಕೈ ಒಂದು ಗಳಿಗೆ ನಿಂತಿತು. ಮತ್ತೆ ಮೂಲೆಯನ್ನು ಒತ್ತತೊಡಗಿತು.